ಮುಂಬಯಿಯ ಗ್ರಿಲ್ಲುಗಳಲ್ಲಿ ಆರ್ಕಿಡ್

ಮನೆಗಳಲ್ಲಿ ಬೆಳೆಸುವ ಆರ್ಕಿಡ್‌ಗಳು ಬಹುತೇಕ ಎಲ್ಲವೂ ಎಪಿಫೈಟ್ ಎಂಬ ವರ್ಗಕ್ಕೆ, ಅಂದರೆ ಮಣ್ಣಿನಲ್ಲಿ ಬೇರೂರದೆ ಮರದ ಕೊಂಬೆಯನ್ನು ಅಪ್ಪಿಕೊಂಡು ಬದುಕುವ ಸಸ್ಯಗಳ ವರ್ಗಕ್ಕೆ ಸೇರಿದವು. ಬಂದಳಿಕೆಯ ಹಾಗೆ ಇವು ಆಸರೆ ಕೊಟ್ಟ ಮರದ ರಸವನ್ನು ಹೀರುವುದಿಲ್ಲ. ಕೊಂಬೆ ಇವುಗಳಿಗೆ ಬೆಳಕಿನ ಸಮೀಪದ ಒಂದು ನೆಲೆ ಮಾತ್ರ, ನೀರು ಮಳೆ ಮಂಜುಗಳಿಂದಲೂ ಪೋಷಕಾಂಶಗಳು ತೊಗಟೆಯ ಬಿರುಕಿನಲ್ಲಿ ಕೂಡಿದ ದೂಳು ಮತ್ತು ಕೊಳೆತ ಎಲೆಗಳಿಂದಲೂ ದೊರೆಯುತ್ತವೆ. ಮುಂಬಯಿಯ ಫ್ಲ್ಯಾಟುಗಳಲ್ಲಿ ಆರ್ಕಿಡ್ ಉಳಿಯದಿದ್ದಾಗ ನಗರದ ಹವೆಯನ್ನು ದೂರುವುದು ವಾಡಿಕೆಯಾದರೂ, ಇಂಥ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಈ ಸಂಗತಿಯನ್ನು ಮರೆತು ತುಳಸಿ ಗುಲಾಬಿಗಳ ಸಾಲಿನಲ್ಲಿಯೇ ಇದಕ್ಕೂ ಕುಂಡದ ತುಂಬ ಮಣ್ಣು ಹಾಕಿ ದಿನವೂ ನೀರೆರೆಯುವುದು.

ಈ ಭಾಗದಲ್ಲಿ ಆರ್ಕಿಡ್‌ಗಳು ತಾವಾಗಿಯೇ ಬೆಳೆಯುವುದರಿಂದ ಹವೆಯ ಮೇಲಿನ ದೂರು ನಿಲ್ಲಲಾರದು, ಅದಕ್ಕೆ ಸಾಕ್ಷಿ ಹಳೆಯದು. ನಗರದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 1906ರಲ್ಲಿ ಆರಂಭವಾದ, ಈಗ ಬ್ಲಾಟರ್ ಹರ್ಬೇರಿಯಂ ಎಂಬ ಹೆಸರಿನ ಒಣಸಸ್ಯ ಸಂಗ್ರಹಾಲಯದ ಪರಂಪರೆಯಲ್ಲಿ ಕೆಲಸ ಮಾಡಿದ ಸಸ್ಯಶಾಸ್ತ್ರಜ್ಞ ಸಂತಾಪಾವು ಅವರು ಕಪಾಡಿಯಾ ಅವರೊಡನೆ ಸೇರಿ 1966ರಲ್ಲಿ 'ದಿ ಆರ್ಕಿಡ್ಸ್ ಆಫ್ ಬಾಂಬೆ' ಎಂಬ ಗ್ರಂಥವನ್ನು ಪ್ರಕಟಿಸಿದರು. 1862ರಿಂದ ರಾಜ್ಯ ಪುನರ್ವಿಂಗಡಣೆಯವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿಯೇ ಇದ್ದುದರಿಂದ, ಮುಂಬಯಿ ಪ್ರಾಂತ್ಯದ ಸಸ್ಯಸಂಪತ್ತನ್ನು ಕುರಿತ ಹಳೆಯ ಬರವಣಿಗೆಯಲ್ಲಿ ಕೊಂಕಣ ಮತ್ತು ಕಾರವಾರದ ಕಡೆಯ ಕಾಡುಗಳು ಒಟ್ಟಿಗೆ ಬರುತ್ತವೆ. ಸಹ್ಯಾದ್ರಿಯ ಈ ಉದ್ದದ ಪಟ್ಟಿಯಲ್ಲಿ ಮುಂಗಾರಿನ ಹೊಸ್ತಿಲಲ್ಲಿ ಗುಲಾಬಿ ಮಿಶ್ರಿತ ಬಿಳಿಯ ಗೊಂಚಲನ್ನು ಇಳಿಬಿಡುವ ರಿಂಕೋಸ್ಟೈಲಿಸ್ ರೆಟೂಸಾ ಎಂಬ ಆರ್ಕಿಡ್ ಮರಾಠಿಗರಿಗೆ ಸೀತೇಚಿ ವೇಣಿ, ಮಲೆನಾಡಿನವರಿಗೆ ಸೀತಾಳೆ ದಂಡೆ. ಇಂಥ ಕಾಡುಗಿಡವನ್ನು ಚಾರಣದ ನೆನಪಿಗೆಂದು ಕಿತ್ತು ತರುವ ಚಾಳಿ ಇದೆ. ಅದು ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಂಥ ಸ್ಥಳದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವಾಗುತ್ತದೆ. ಅಲ್ಲದೆ ಕಿತ್ತಾಗ ಮುರಿದ ಬೇರು ಮತ್ತೆ ಹಿಡಿತ ಸಾಧಿಸುವುದು ಅಪರೂಪ.

ಆರ್ಕಿಡ್‌ನ ಬೇರನ್ನು ಹತ್ತಿರದಿಂದ ನೋಡಿದರೆ ಈ ಸಸ್ಯದ ಬದುಕಿನ ಕ್ರಮ ಅರ್ಥವಾಗುತ್ತದೆ. ಒಣಗಿದ ಬೇರು ಬೆಳ್ಳಿಯ ಬಣ್ಣಕ್ಕಿರುತ್ತದೆ. ಅದರ ಮೇಲೆ ನೀರು ಚಿಮುಕಿಸಿದೊಡನೆ, ನೋಡುತ್ತಿರುವಂತೆಯೇ, ಬೆಳ್ಳಿಯ ಬಣ್ಣ ಅಳಿದು ಹಸಿರು ಮೂಡುತ್ತದೆ. ಬೇರಿನ ಹೊರಮೈಯನ್ನು ವೆಲಾಮೆನ್ ಎಂಬ ಪದರ ಹೊದ್ದಿರುತ್ತದೆ. ಬೆಳೆದ ಮೇಲೆ ಸತ್ತು ಟೊಳ್ಳಾಗುವ ಕೋಶಗಳಿಂದಾದ ಈ ಪದರ ಸ್ಪಂಜಿನಂತೆ ಮಳೆಯ ಮೊದಲ ಹನಿಗಳನ್ನೇ ಹೀರಿಟ್ಟುಕೊಂಡು ಒಳಗಿನ ಜೀವಂತ ಅಂಗಾಂಶಕ್ಕೆ ನಿಧಾನವಾಗಿ ಕೊಡುತ್ತದೆ. ಕೋಶಗಳಲ್ಲಿ ಗಾಳಿ ತುಂಬಿದ್ದಾಗ ಬೆಳಕು ಚದುರಿ ಬಿಳುಪು ಕಾಣುತ್ತದೆ, ನೀರು ತುಂಬಿದಾಗ ಪದರ ಪಾರದರ್ಶಕವಾಗಿ ಒಳಗಿನ ಪತ್ರಹರಿತ್ತು ಹೊರಗೆ ತೋರುತ್ತದೆ. ನೀರು ಯಾವಾಗ ಹಾಕಬೇಕೆಂಬುದಕ್ಕೆ ಕ್ಯಾಲೆಂಡರಿಗಿಂತ ಈ ಬಣ್ಣವೇ ನಂಬಿಕೆಗೆ ಅರ್ಹ. ಹಸಿರಾಗಿರುವ ಬೇರಿಗೆ ಮತ್ತೆ ನೀರು ಬೇಡ. ದಿನಗಟ್ಟಲೆ ನೀರಿನಲ್ಲಿಯೇ ಮುಳುಗಿದ ವೆಲಾಮೆನ್ ಒಳಗೆ ಗಾಳಿಯಾಡದೆ ಬೇರು ಉಸಿರುಗಟ್ಟಿ, ಶಿಲೀಂಧ್ರಗಳಿಗೆ ದಾರಿಯಾಗಿ, ಕೊನೆಗೆ ಕಂದು ಬಣ್ಣಕ್ಕೆ ತಿರುಗಿ ಬೆರಳಿನಿಂದ ಒತ್ತಿದರೆ ಸಿಪ್ಪೆ ಜಾರುವಷ್ಟು ಮೆತ್ತಗಾಗುತ್ತದೆ.

ನೀರಿನ ಈ ಮಿತವ್ಯಯ ಎಲೆಗಳಲ್ಲಿಯೂ ಇದೆ. ಫಲೆನಾಪ್ಸಿಸ್, ವಾಂಡಾ ಮತ್ತು ಡೆಂಡ್ರೋಬಿಯಂ ಎಂಬ ಆರ್ಕಿಡ್ ಕುಲಗಳ ಅನೇಕ ಜಾತಿಗಳು ಬಿಸಿಲಿನ ಹೊತ್ತಿನಲ್ಲಿ ಎಲೆಯ ಪತ್ರರಂಧ್ರಗಳನ್ನು ಮುಚ್ಚಿಟ್ಟು, ರಾತ್ರಿ ತೆರೆದು, ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದಾಗ ಅದರಿಂದ ಸಕ್ಕರೆ ತಯಾರಿಸುತ್ತವೆ. ಪತ್ರರಂಧ್ರ ತೆರೆದಿರುವುದು ರಾತ್ರಿಯಾದ್ದರಿಂದ, ಹವಾನಿಯಂತ್ರಣ ಯಂತ್ರ ರಾತ್ರಿಯಿಡೀ ತೇವವನ್ನು ಹೀರುವ ಮಲಗುವ ಕೋಣೆ ಈ ಗಿಡಗಳಿಗೆ ತಕ್ಕ ಸ್ಥಳವಲ್ಲ.

ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿ ಸುಮಾರು 2,300 ಮಿಲಿಮೀಟರ್ ಮಳೆ ಬೀಳುತ್ತದೆ, ಉಳಿದ ಎಂಟು ತಿಂಗಳು ಹೆಚ್ಚುಕಡಿಮೆ ಒಣ. ಕೊಂಬೆಯ ಮೇಲಿನ ಆರ್ಕಿಡ್‌ಗೆ ಇದೇ ಮಳೆ ಹಬ್ಬ. ಗಾಳಿ ಬೀಸಿದೊಡನೆ ಬೇರು ಆರುತ್ತದೆ. ಫ್ಲ್ಯಾಟಿನ ಗೋಡೆ ಮತ್ತು ಕಿಟಕಿಯ ಗ್ರಿಲ್ಲಿನ ನಡುವೆ ಗಾಳಿ ನಿಂತಿರುವಲ್ಲಿ ಅದೇ ಗಿಡ ಕೊಳೆಯುತ್ತದೆ. ಆದ್ದರಿಂದ ಮುಂಬಯಿಯಲ್ಲಿ ಕುಂಡಕ್ಕೆ ಏನು ತುಂಬಬೇಕೆಂಬುದು ಮಳೆಗಾಲವನ್ನು ಮನಸ್ಸಿನಲ್ಲಿಟ್ಟು ತೀರ್ಮಾನಿಸಬೇಕಾದ ವಿಷಯ. ಇದ್ದಿಲಿನ ತುಂಡು ಮತ್ತು ಇಟ್ಟಿಗೆಯ ಚೂರುಗಳು, ಮೈತುಂಬ ರಂಧ್ರಗಳಿರುವ ಮಣ್ಣಿನ ಕುಂಡದಲ್ಲಿ, ಡೆಂಡ್ರೋಬಿಯಂಗೆ ಸಾಕು. ತೆಂಗಿನ ಸಿಪ್ಪೆಯ ತುಂಡು ಬೇಸಗೆಯಲ್ಲಿ ಉಪಕಾರಿಯಾದರೂ ಜುಲೈಯಲ್ಲಿ ನೀರನ್ನು ಬಿಡದೆ ಹಿಡಿದಿಟ್ಟು ತೊಂದರೆ ಕೊಡುತ್ತದೆ. ವಾಂಡಾಕ್ಕೆ ಇದಾವುದೂ ಬೇಡ, ಬರಿಯ ಬುಟ್ಟಿಯಲ್ಲಿ ಬೇರು ಇಳಿಬಿಟ್ಟು ತೂಗುಹಾಕಿದರಾಯಿತು. ಆದರೆ ಮಳೆಯಿಲ್ಲದ ದಿನಗಳಲ್ಲಿ ಪ್ರತಿದಿನ ಬೇರು ತೋಯಿಸಬೇಕು. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರನ್ನು ಅವಲಂಬಿಸಿದ ಕಟ್ಟಡಗಳಲ್ಲಿ ಬೇರಿನ ಮೇಲೆ ಬಿಳಿಯ ಲವಣ ಕಟ್ಟುವುದುಂಟು, ಅಂಥಲ್ಲಿ ಹಿಡಿದಿಟ್ಟ ಮಳೆನೀರು ಒಳ್ಳೆಯದು.

ಬೆಳಕಿನ ಲೆಕ್ಕ ಕಿಟಕಿಯ ದಿಕ್ಕಿನ ಮೇಲೆ ನಿಂತಿದೆ. ಮುಂಬಯಿ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಕಾರಣ ಮೇ ಮಧ್ಯಭಾಗದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಚಳಿಗಾಲದಲ್ಲಿ ದಿನವಿಡೀ ಬಿಸಿಲು ಕಾಣುವ ದಕ್ಷಿಣದ ಕಿಟಕಿ ಆ ಅವಧಿಯಲ್ಲಿ ನೆರಳಿನ ಕಿಟಕಿಯಾಗುತ್ತದೆ. ಪಶ್ಚಿಮದ ಕಿಟಕಿಗೆ ಎರಡು ಕಷ್ಟ, ಏಪ್ರಿಲ್‌ನ ಇಳಿಹೊತ್ತಿನ ಸುಡುಬಿಸಿಲು ಮತ್ತು ಮುಂಗಾರಿನ ಎರಚಲು. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಕಿಟಕಿ ಉಳಿದವುಗಳಿಗಿಂತ ಮೇಲು. ಎಲೆ ಗಾಢ ಹಸಿರಾಗಿ ಹೊಳೆಯುತ್ತಿದ್ದರೆ ನೋಡುವವರಿಗೆ ಚೆನ್ನ, ಆದರೆ ಅದು ಬೆಳಕಿನ ಕೊರತೆಯ ಲಕ್ಷಣ, ಅಂಥ ಗಿಡ ವರ್ಷಗಟ್ಟಲೆ ಹೂ ಬಿಡದೆ ಎಲೆಯನ್ನೇ ಬೆಳೆಸುತ್ತದೆ. ತುಸು ಹಳದಿ ಬೆರೆತ ಹಸಿರು ಹೂವಿಗೆ ಅನುಕೂಲವಾದ ಬಣ್ಣ.

ದೀಪಾವಳಿಯ ಉಡುಗೊರೆಯಾಗಿ ಹೂ ಸಹಿತ ಮನೆಗೆ ಬರುವ ಫಲೆನಾಪ್ಸಿಸ್ ಎರಡು ಮೂರು ತಿಂಗಳು ಅರಳಿದ್ದು, ಮುಂದಿನ ವರ್ಷ ಹೂ ಬಿಡದೆ ಮಾಲೀಕರನ್ನು ಕಂಗೆಡಿಸುತ್ತದೆ. ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುವುದು ಇಲ್ಲಿ ವ್ಯರ್ಥ. ಫಲೆನಾಪ್ಸಿಸ್‌ನ ಹೂಗೊಂಚಲು ಹುಟ್ಟಬೇಕಾದರೆ ಕೆಲವು ವಾರಗಳ ಕಾಲ ಉಷ್ಣತೆ 26 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. ರಾತ್ರಿ ತಂಪಾದರೆ ಸಾಕೆಂಬ ಸಲಹೆ ಬಹಳ ಪ್ರಚಾರದಲ್ಲಿದ್ದರೂ, ಹಗಲಿನಲ್ಲಿ ದೀರ್ಘಕಾಲ 29 ಡಿಗ್ರಿಯ ಶಾಖ ಇದ್ದಲ್ಲಿ ರಾತ್ರಿಯ ತಂಪು ಹೂವನ್ನು ತರಲಾರದೆಂದು ನಿಯಂತ್ರಿತ ಪ್ರಯೋಗಗಳು ತೋರಿಸಿವೆ. ಮುಂಬಯಿಯಲ್ಲಿ ಜನವರಿಯ ನಡುಹಗಲೂ 30 ಡಿಗ್ರಿ ದಾಟುತ್ತದೆ. ಈ ನಗರದಲ್ಲಿ ಫಲೆನಾಪ್ಸಿಸ್ ಅನ್ನು ಬಹುಕಾಲ ಬಾಳುವ ಹೂಗುಚ್ಛವೆಂದು ಕೊಳ್ಳುವುದೇ ವಿವೇಕ.

ಡೆಂಡ್ರೋಬಿಯಂನ ಮಾತು ಬೇರೆ. ಥಾಯ್ಲೆಂಡ್‌ನಿಂದ ಜನಪ್ರಿಯವಾದ, ಸೋನಿಯಾ ಮುಂತಾದ ನೇರಳೆ ಹೂವಿನ ಮಿಶ್ರತಳಿಗಳ ಪೂರ್ವಜರಲ್ಲಿ ಮುಖ್ಯವಾದ ಡೆಂಡ್ರೋಬಿಯಂ ಬಿಗಿಬ್ಬಂ ಉತ್ತರ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂಗಿನಿಯ ಸಸ್ಯ. ಮಳೆಗಾಲದ ಬೆನ್ನಿಗೇ ದೀರ್ಘವಾದ ಒಣಗಾಲ ಬರುವ, ಎಂದೂ ಹೆಚ್ಚು ಚಳಿಯಾಗದ ಆ ಹವೆ ಕೊಂಕಣಕ್ಕೆ ಹತ್ತಿರದ್ದು. ಈ ಗಿಡ ಮುಂಗಾರಿನಲ್ಲಿ ಬುಡದಿಂದ ಹೊಸ ಕೋಲನ್ನು ಎಬ್ಬಿಸುತ್ತದೆ. ನೀರನ್ನೂ ಆಹಾರವನ್ನೂ ಕೂಡಿಡುವ ಈ ದಪ್ಪ ಕಾಂಡವನ್ನು ಸಸ್ಯಶಾಸ್ತ್ರ ಹುಸಿಗಡ್ಡೆ ಎನ್ನುತ್ತದೆ. ಕೋಲು ಬೆಳೆಯುತ್ತಿರುವಾಗ ಸಾರಜನಕ, ರಂಜಕ, ಪೊಟ್ಯಾಷ್‌ಗಳು ಸಮವಾಗಿರುವ ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಮಿನಷ್ಟು ತೆಳುವಾಗಿ ವಾರಕ್ಕೊಮ್ಮೆ ಸಿಂಪಡಿಸಬಹುದು, ಬೆಳವಣಿಗೆ ನಿಂತ ಮೇಲೆ ಅದನ್ನೂ ನೀರನ್ನೂ ಕಡಿಮೆ ಮಾಡಬೇಕು. ಕೋಲು ಬಲಿತ ಮೇಲೆ ತುದಿಯ ಗಿಣ್ಣಿನಿಂದ ಹೂದಂಡು ಹೊರಡುತ್ತದೆ. ಎಲೆಯುದುರಿ ಬೋಳಾದ ಹಳೆಯ ಕೋಲುಗಳು ಸತ್ತಂತೆ ತೋರುವುದರಿಂದ ಅವನ್ನು ಕತ್ತರಿಸಿಹಾಕುವವರು ಹಲವರು. ಆದರೆ ಹಸಿರು ಉಳಿದಿರುವ ಹಳೆಯ ಕೋಲು ಹೊಸದಕ್ಕೆ ಆಹಾರ ಒದಗಿಸುತ್ತಿರುತ್ತದೆ, ಕೆಲವೊಮ್ಮೆ ಮತ್ತೊಂದು ಹೂದಂಡನ್ನೂ ಕೊಡುತ್ತದೆ; ಸುಕ್ಕುಗಟ್ಟಿ ಕಂದಾಗಿ ಟೊಳ್ಳಾದ ಬಳಿಕವಷ್ಟೇ ಬೆಂಕಿಯಲ್ಲಿ ಕಾಯಿಸಿ ಆರಿಸಿದ ಕತ್ತರಿಯಿಂದ ಅದನ್ನು ಬುಡದ ಬಳಿ ತೆಗೆಯಬಹುದು.