ಹತ್ತು ಸೆಂಟಿನ ಪುಸ್ತಕ ಮತ್ತು ಅದನ್ನು ಮಾರುವವನ ಮಾತು

ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ ಮತ್ತು ಪೂರೈಕೆಯ ಪಾಠ ಬಂದಾಗ ಉದಾಹರಣೆಗೆ ಸಿಗುವುದು ಯಾವಾಗಲೂ ಈರುಳ್ಳಿ, ಟೊಮೆಟೊ, ಇಲ್ಲವೇ ಚಿನ್ನ. ಈ ಬಾರಿ ಬೇರೆ ಒಂದು ಸರಕನ್ನು ನೋಡೋಣ: ಹಳೆಯ ಕಾಮಿಕ್ಸ್ ಪುಸ್ತಕ. ಅಮೆರಿಕದಲ್ಲಿ ಇದನ್ನೇ ಜೀವನೋಪಾಯ ಮಾಡಿಕೊಂಡ ವ್ಯಾಪಾರಿಗಳಿದ್ದಾರೆ. ವಾರಾಂತ್ಯ ಬಂದರೆ ವ್ಯಾನಿಗೆ ಪೆಟ್ಟಿಗೆಗಳನ್ನು ತುಂಬಿ ಯಾವುದಾದರೂ ಊರಿನ ಕಾಮಿಕ್ಸ್ ಸಮಾವೇಶಕ್ಕೆ ಹೋಗುತ್ತಾರೆ. ಬಾಡಿಗೆಗೆ ಪಡೆದ ಮೇಜಿನ ಮೇಲೆ ಅಂಗಡಿ ಹಾಕಿ, ಭಾನುವಾರ ಸಂಜೆ ಉಳಿದದ್ದನ್ನು ಕಟ್ಟಿಕೊಂಡು ಮನೆಗೆ ಮರಳುತ್ತಾರೆ. ನಮ್ಮ ವಾರದ ಸಂತೆಗೆ ಬರುವವರ ಹಾಗೆಯೇ. ವ್ಯತ್ಯಾಸ ಇಷ್ಟೇ, ಇವರ ಒಂದು ಪೆಟ್ಟಿಗೆಯಲ್ಲಿ ಒಂದು ಡಾಲರಿನ ಪುಸ್ತಕವೂ ಇರಬಹುದು, ಕಾರಿನ ಬೆಲೆಯ ಪುಸ್ತಕವೂ ಇರಬಹುದು.

ಇಷ್ಟು ಬೆಲೆ ಎಲ್ಲಿಂದ ಬರುತ್ತದೆ? ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ 1938ರದು. ಅಂದಿನ ಬೆಲೆ 10 ಸೆಂಟ್. ಸುಮಾರು 2 ಲಕ್ಷ ಪ್ರತಿಗಳು ಅಚ್ಚಾದವು, ಇಂದು ಉಳಿದಿರುವುದು ಸುಮಾರು 100 ಎಂಬುದು ಬಲ್ಲವರ ಅಂದಾಜು. ಉತ್ತಮ ಸ್ಥಿತಿಯಲ್ಲಿದ್ದ ಒಂದು ಪ್ರತಿ 2024ರ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಉಳಿದವೆಲ್ಲ ಎಲ್ಲಿ ಹೋದವು? ಮಕ್ಕಳು ಓದಿ, ಮಡಚಿ, ಜೇಬಿಗೆ ತುರುಕಿ ಹರಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಳೆಯ ಕಾಗದ ಸಂಗ್ರಹಿಸುವ ಅಭಿಯಾನಕ್ಕೆ ರಾಶಿ ರಾಶಿ ಹೋದವು. 1940ರ ದಶಕದ ಕೊನೆಯಲ್ಲಿ ಕಾಮಿಕ್ಸ್ ಓದಿದರೆ ಮಕ್ಕಳು ಕೆಡುತ್ತಾರೆಂದು ಕೆಲವು ಊರುಗಳಲ್ಲಿ ಸುಟ್ಟರು. ಮಿಕ್ಕಿದ್ದನ್ನು ಅಮ್ಮಂದಿರು ಮನೆ ಸ್ವಚ್ಛ ಮಾಡುವಾಗ ಎಸೆದರು. ನಮ್ಮ ಮನೆಗಳಲ್ಲಿ ಪರೀಕ್ಷೆ ಮುಗಿದ ಮರುದಿನ ಪುಸ್ತಕಗಳನ್ನೆಲ್ಲ ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಹಾಕುವುದಿಲ್ಲವೇ, ಹಾಗೆ.

ಇದಕ್ಕೆ ತದ್ವಿರುದ್ಧ ಉದಾಹರಣೆ 1991ರದು. ಆ ವರ್ಷ ಬಂದ ‘ಎಕ್ಸ್‌-ಮೆನ್’ ಮೊದಲ ಸಂಚಿಕೆ 81 ಲಕ್ಷ ಪ್ರತಿಗಳ ಲೆಕ್ಕದಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಅಷ್ಟರಲ್ಲಿ ಹಳೆಯ ಕಾಮಿಕ್ಸ್ ದುಬಾರಿಯಾದ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಆದ್ದರಿಂದ ಜನ ಐದೈದು, ಹತ್ತತ್ತು ಪ್ರತಿ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮುಂದೆ ಮಕ್ಕಳ ಕಾಲೇಜು ಫೀಸಿಗೆ ಆಗುತ್ತದೆಂದು ಕಾದರು. ಯಾರೂ ಎಸೆಯಲಿಲ್ಲ, ಹಾಗಾಗಿ ಅದಕ್ಕೆ ಬೆಲೆಯೂ ಬರಲಿಲ್ಲ. ಇಂದಿಗೂ ಆ ಸಂಚಿಕೆ ಸಮಾವೇಶಗಳ ಅಗ್ಗದ ಪೆಟ್ಟಿಗೆಯಲ್ಲಿ ಸಿಗುತ್ತದೆ. ಹಳೆಯದಾದ ಮಾತ್ರಕ್ಕೆ ವಸ್ತು ದುಬಾರಿಯಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಸಮಾವೇಶಕ್ಕೆ ಬರೋಣ. ಇಂದು ಸ್ಯಾನ್ ಡಿಯಾಗೊ ಕಾಮಿಕ್-ಕಾನ್ ಎಂದರೆ ಸಿನಿಮಾ ತಾರೆಯರು ಮತ್ತು 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ. 1970ರಲ್ಲಿ ಅದು ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಸುಮಾರು 300 ಜನರೊಂದಿಗೆ ಶುರುವಾಯಿತು. ಅದಕ್ಕೂ ಮೊದಲೇ ನ್ಯೂಯಾರ್ಕಿನಲ್ಲಿ ಫಿಲ್ ಸ್ಯೂಲಿಂಗ್ ಎಂಬವರು ಜುಲೈ ತಿಂಗಳಲ್ಲಿ ಸಮಾವೇಶ ನಡೆಸುತ್ತಿದ್ದರು. ಅವರು ಬ್ರೂಕ್ಲಿನ್‌ನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಆ ಕಾಲದ ಸಮಾವೇಶಗಳ ಜೀವಾಳ ವ್ಯಾಪಾರಿಗಳ ಕೋಣೆಯೇ. ಜನ ಅಲ್ಲಿಗೆ ಬರುತ್ತಿದ್ದದ್ದು ತಮ್ಮ ಸಂಗ್ರಹದಲ್ಲಿ ಇಲ್ಲದ ಸಂಚಿಕೆಯನ್ನು ಹುಡುಕಿಕೊಂಡು.

ವ್ಯಾಪಾರಿಯ ಮೇಜು ಹೀಗಿರುತ್ತದೆ. ಮುಂದೆ ‘ಲಾಂಗ್ ಬಾಕ್ಸ್’ ಎಂದು ಕರೆಯುವ ಉದ್ದನೆಯ ರಟ್ಟಿನ ಪೆಟ್ಟಿಗೆಗಳು. ಒಂದೊಂದರಲ್ಲಿ 200ಕ್ಕೂ ಹೆಚ್ಚು ಪುಸ್ತಕಗಳು ನಿಂತ ಭಂಗಿಯಲ್ಲಿ, ಗ್ರಂಥಾಲಯದ ಹಳೆಯ ಕಾರ್ಡ್ ಪೆಟ್ಟಿಗೆಯಂತೆ ಹೆಸರು ಮತ್ತು ಸಂಖ್ಯೆಯ ಕ್ರಮದಲ್ಲಿರುತ್ತವೆ. ತುಂಬಿದ ಪೆಟ್ಟಿಗೆ ಎತ್ತಲು ಬೆನ್ನು ಗಟ್ಟಿ ಇರಬೇಕು. ಪ್ರತಿ ಪುಸ್ತಕವೂ ಪಾರದರ್ಶಕ ಚೀಲದಲ್ಲಿ, ಹಿಂದೆ ಆಮ್ಲರಹಿತ ರಟ್ಟಿನೊಂದಿಗೆ. ಇದು ಬರೀ ಅಲಂಕಾರ ಅಲ್ಲ. ಹಳೆಯ ಕಾಮಿಕ್ಸ್ ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಅದರಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿದಂತೆ ಅದು ಆಮ್ಲವಾಗಿ, ಹಾಳೆ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಹಪ್ಪಳದಂತೆ ಪುಡಿ. ವ್ಯಾಪಾರಿಯ ದಾಸ್ತಾನು ಅವನ ಕಣ್ಣೆದುರೇ ನಿಧಾನವಾಗಿ ಸಾಯುತ್ತಿರುತ್ತದೆ. ಮೇಜಿನ ಹಿಂಭಾಗದ ಜಾಲರಿ ಗೋಡೆಯ ಮೇಲೆ ದುಬಾರಿ ಸಂಚಿಕೆಗಳನ್ನು ತೂಗುಹಾಕುತ್ತಾರೆ. ಗಿರಾಕಿಯನ್ನು ನಿಲ್ಲಿಸುವುದು ಆ ಗೋಡೆ, ಆದರೆ ದಿನದ ಖರ್ಚು ಹುಟ್ಟುವುದು ಬಹುಮಟ್ಟಿಗೆ ಪೆಟ್ಟಿಗೆಗಳಿಂದ.

ಖರ್ಚಿನ ವಿಷಯ ಬಂತು, ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಮೇಜಿನ ಬಾಡಿಗೆ 600 ಡಾಲರ್, ಪೆಟ್ರೋಲು, ಊಟ, ವಸತಿ ಸೇರಿ 500. ಒಟ್ಟು 1,100 ಡಾಲರ್, ಒಂದು ಪುಸ್ತಕ ಮಾರದಿದ್ದರೂ ಕೊಡಲೇಬೇಕಾದ ಸ್ಥಿರ ವೆಚ್ಚ. ವ್ಯಾಪಾರಿ 50 ಡಾಲರಿಗೆ ಕೊಂಡದ್ದನ್ನು 100ಕ್ಕೆ ಮಾರುತ್ತಾನೆ ಎಂದಿಟ್ಟುಕೊಂಡರೆ, 2,200 ಡಾಲರ್ ವ್ಯಾಪಾರವಾದಾಗ ಸಮಸ್ಥಿತಿ ಬಿಂದು. ಆದರೆ ಇಲ್ಲಿ ಎಲ್ಲರೂ ಚೌಕಾಸಿ ಮಾಡುತ್ತಾರೆ. 100ರ ಪುಸ್ತಕ 80ಕ್ಕೆ ಹೋದರೆ ಉಳಿಯುವುದು 30 ಮಾತ್ರ, ಸಮಸ್ಥಿತಿಗೆ ಬೇಕಾಗುವ ವ್ಯಾಪಾರ 2,930 ಡಾಲರ್ ದಾಟುತ್ತದೆ. ನೂರಕ್ಕೆ ಇಪ್ಪತ್ತು ರಿಯಾಯಿತಿ ಕೊಟ್ಟರೆ ಲಾಭ ಇಪ್ಪತ್ತರಷ್ಟು ಕಡಿಮೆಯಾಗುವುದಿಲ್ಲ, ನಲವತ್ತರಷ್ಟು ಕಡಿಮೆಯಾಗುತ್ತದೆ. ಹಾಗಿದ್ದರೂ ಭಾನುವಾರ ಮಧ್ಯಾಹ್ನದ ಮೇಲೆ ವ್ಯಾಪಾರಿಗಳು ಬೆಲೆ ಇಳಿಸುತ್ತಾರೆ. ಭಾರದ ಪೆಟ್ಟಿಗೆಯನ್ನು ಮತ್ತೆ ವ್ಯಾನಿಗೆ ಹೊರುವುದಕ್ಕಿಂತ ನಗದು ಕೈಗೆ ಬಂದರೆ, ಅದರಿಂದ ಮುಂದಿನ ವಾರದ ಸರಕು ಕೊಳ್ಳಬಹುದು. ಇನ್ನೊಂದು ವಿಚಿತ್ರ, ಒಳ್ಳೆಯ ಸರಕಿನ ಬಹುಪಾಲು ಬಾಗಿಲು ತೆರೆಯುವ ಮೊದಲೇ ಕೈ ಬದಲಾಯಿಸಿರುತ್ತದೆ. ಮೇಜು ಜೋಡಿಸುವ ದಿನ ವ್ಯಾಪಾರಿಗಳು ಪರಸ್ಪರರ ಪೆಟ್ಟಿಗೆಗಳನ್ನು ಜಾಲಾಡುತ್ತಾರೆ. ಒಬ್ಬನಿಗೆ ಸೂಪರ್‌ಮ್ಯಾನ್ ಗಿರಾಕಿ ಇದ್ದರೆ ಇನ್ನೊಬ್ಬನಿಗೆ ಭಯಾನಕ ಕಥೆಗಳ ಗಿರಾಕಿ.

ಈ ವ್ಯಾಪಾರದ ನಿಜವಾದ ಕಷ್ಟ ಇರುವುದು ಗುಣಮಟ್ಟದ ವಿಷಯದಲ್ಲಿ. ಒಂದೇ ಸಂಚಿಕೆಯ ಎರಡು ಪ್ರತಿಗಳು ಮೇಲುನೋಟಕ್ಕೆ ಒಂದೇ ತರಹ ಕಂಡರೂ ಬೆಲೆಯಲ್ಲಿ ಹತ್ತಾರು ಪಟ್ಟು ವ್ಯತ್ಯಾಸ ಇರಬಹುದು. ಬೆನ್ನಿನ ಮಡಿಕೆಯಲ್ಲಿ ಕೂದಲೆಳೆಯಂಥ ಗೆರೆಗಳು, ಸ್ಟೇಪಲ್ ಪಿನ್ನಿನ ತುಕ್ಕು, ಮೂಲೆಯ ಮೊಂಡುತನ, ಹಾಳೆಯ ಬಣ್ಣ, ಎಲ್ಲಕ್ಕೂ ಅಂಕ. ಅಂಕದ ಅಳತೆ 0.5ರಿಂದ 10ರವರೆಗೆ. ಅದಕ್ಕಿಂತ ದೊಡ್ಡ ಸಮಸ್ಯೆ ಕಣ್ಣಿಗೆ ಕಾಣದ್ದು. ಬಣ್ಣ ಹೋದಲ್ಲಿ ಪೆನ್ನಿನಿಂದ ತುಂಬಿರಬಹುದು, ಮಾಸಿದ ಅಂಚನ್ನು ಬ್ಲೇಡಿನಿಂದ ಕತ್ತರಿಸಿ ನೇರ ಮಾಡಿರಬಹುದು, ಹರಿದದ್ದನ್ನು ಅಂಟಿಸಿರಬಹುದು. ‘ಇನ್‌ಕ್ರೆಡಿಬಲ್ ಹಲ್ಕ್’ 181ನೇ ಸಂಚಿಕೆಯ ಕಥೆ ಕೇಳಿ. 1974ರ ಈ ಸಂಚಿಕೆಯಲ್ಲಿ ವುಲ್ವರಿನ್ ಪಾತ್ರ ಮೊದಲ ಬಾರಿಗೆ ಪೂರ್ಣವಾಗಿ ಬಂತು. ಆಗ ಮಾರ್ವೆಲ್ ಕಂಪನಿ ಪುಸ್ತಕದೊಳಗೆ ಒಂದು ಚಿತ್ರಚೀಟಿ ಅಚ್ಚು ಹಾಕಿ, ಕತ್ತರಿಸಿ ಪುಸ್ತಿಕೆಯಲ್ಲಿ ಅಂಟಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳಿತ್ತು. ಮಕ್ಕಳು ಹೇಳಿದಂತೆಯೇ ಮಾಡಿದರು. ಐವತ್ತು ವರ್ಷದ ನಂತರ ಹೊರಗಿನಿಂದ ಥಳಥಳಿಸುವ ಪ್ರತಿಯ ಒಳಗೆ ಆ ಚೀಟಿಯ ಜಾಗದಲ್ಲಿ ಚೌಕದ ರಂಧ್ರ ಇದ್ದರೆ ಬೆಲೆ ದಿಢೀರನೆ ಕುಸಿಯುತ್ತದೆ. ಚೀಲದಲ್ಲಿರುವ ಪುಸ್ತಕದ ಆ ರಂಧ್ರ ಗಿರಾಕಿಗೆ ಕಾಣುವುದಿಲ್ಲ, ವ್ಯಾಪಾರಿಗೆ ಗೊತ್ತಿರುತ್ತದೆ. ಅವನು ಬಾಯಿ ಬಿಡುತ್ತಾನೋ ಇಲ್ಲವೋ ಎಂಬುದೇ ಪ್ರಶ್ನೆ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ, ಮಾಹಿತಿಯ ಅಸಮಾನತೆ. ಜಾರ್ಜ್ ಅಕರ್ಲೋಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧ ಇದನ್ನೇ ವಿವರಿಸುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಬಂತು. ದೋಷ ಮಾರುವವನಿಗೆ ಮಾತ್ರ ಗೊತ್ತಿದ್ದರೆ, ಕೊಳ್ಳುವವನು ಎಲ್ಲ ಸರಕನ್ನೂ ಅನುಮಾನಿಸಿ ಕಡಿಮೆ ಬೆಲೆಗೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನವನು ಮಾರಲು ಒಪ್ಪದೆ ಹೊರಟುಹೋಗುತ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟ ಸರಕು. ಕಾಕತಾಳೀಯವೆಂದರೆ ಅದೇ 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರು ಹಳೆಯ ಕಾಮಿಕ್ಸ್‌ಗಳ ಬೆಲೆ ಕೈಪಿಡಿ ಹೊರತಂದರು. ಅದರಿಂದ ಗಿರಾಕಿಗೂ ಒಂದು ಅಳತೆಗೋಲು ಸಿಕ್ಕಿತು. 2000ರಲ್ಲಿ ಸಿಜಿಸಿ ಎಂಬ ಸಂಸ್ಥೆ ಶುರುವಾಯಿತು. ಪುಸ್ತಕ ಕಳಿಸಿದರೆ ಅದರ ಪರಿಣತರು ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ವಾಪಸು ಕಳಿಸುತ್ತಾರೆ. ದುರಸ್ತಿ ಮಾಡದ ಪ್ರತಿಗೆ ನೀಲಿ ಚೀಟಿ, ದುರಸ್ತಿಯಾದದ್ದಕ್ಕೆ ನೇರಳೆ. ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದಂತೆ ಎಂದುಕೊಳ್ಳಿ. ಆದರೆ ಹಾಲ್‌ಮಾರ್ಕ್ ಹಾಕಿದ ಬಳೆಯನ್ನು ತೊಡಬಹುದು, ಡಬ್ಬಿಗೆ ಹಾಕಿದ ಪುಸ್ತಕವನ್ನು ಓದುವಂತಿಲ್ಲ. ಓದಲಾಗದ ಪುಸ್ತಕಕ್ಕೆ ಹೆಚ್ಚು ಬೆಲೆ ಎಂಬುದು ನನಗೆ ಇನ್ನೂ ಜೀರ್ಣವಾಗಿಲ್ಲ. ಅದೂ ಪೂರ್ತಿ ಭದ್ರ ಅಲ್ಲ. 2023ರ ಕೊನೆಯಲ್ಲಿ ಡಬ್ಬಿ ಬಿಚ್ಚಿ ಒಳಗೆ ಕಳಪೆ ಪ್ರತಿಯನ್ನಿಟ್ಟು ಮುಚ್ಚಿದ ಪ್ರಕರಣಗಳು ಹೊರಬಂದವು.

ಆದ್ದರಿಂದ ಸಮಾವೇಶದ ಮೇಜಿನಲ್ಲಿ ಹಳೆಯ ಪದ್ಧತಿ ಇನ್ನೂ ನಡೆಯುತ್ತದೆ. ಒಳ್ಳೆಯ ವ್ಯಾಪಾರಿ ಚೀಲದ ಮೇಲಿನ ಚೀಟಿಯಲ್ಲಿ ಬೆಲೆಯ ಜೊತೆಗೆ ದೋಷವನ್ನೂ ಬರೆದಿರುತ್ತಾನೆ: ನಡುವಿನ ಹಾಳೆ ಸ್ಟೇಪಲ್‌ನಿಂದ ಬಿಟ್ಟಿದೆ, ಹಿಂಬದಿಯಲ್ಲಿ ಕಲೆ ಇದೆ, ಚಿತ್ರಚೀಟಿ ಇಲ್ಲ. ಗಿರಾಕಿ ಕೇಳಿದರೆ ಚೀಲದಿಂದ ತಾನೇ ತೆಗೆದು, ಹಾಳೆ ಎಣಿಸಿ ತೋರಿಸುತ್ತಾನೆ. ಈ ವ್ಯಾಪಾರಿಗಳು ವರ್ಷ ವರ್ಷವೂ ಅದೇ ಸಮಾವೇಶಗಳಿಗೆ ಬರುತ್ತಾರೆ, ಸಂಗ್ರಾಹಕರೂ ಅವರೇ. ಒಮ್ಮೆ ಮೋಸ ಮಾಡಿದವನ ಹೆಸರು ಮುಂದಿನ ಊರಿಗೆ ಅವನ ವ್ಯಾನಿಗಿಂತ ಮೊದಲೇ ತಲುಪಿರುತ್ತದೆ.

ಮಾರುವಾಗಿನ ಪ್ರಾಮಾಣಿಕತೆಯನ್ನು ಗಿರಾಕಿ ಪರೀಕ್ಷಿಸಬಹುದು. ಕೊಳ್ಳುವಾಗಿನದನ್ನು ಪರೀಕ್ಷಿಸುವವರು ಯಾರು? ಸಮಾವೇಶಕ್ಕೆ ಕೆಲವರು ತೀರಿಕೊಂಡ ಅಜ್ಜನ ಪೆಟ್ಟಿಗೆ ಹಿಡಿದು ಬರುತ್ತಾರೆ. ಅವರಿಗೆ ಬೆಲೆ ಗೊತ್ತಿರುವುದಿಲ್ಲ. ಈಗ ಅಸಮಾನತೆ ತಿರುಗಿ ನಿಂತಿದೆ, ಕೊಳ್ಳುವವನೇ ಹೆಚ್ಚು ಬಲ್ಲವನು. ವ್ಯಾಪಾರಿ ಮಾರಾಟ ಬೆಲೆಯ ಅರ್ಧವನ್ನೋ ಅದಕ್ಕಿಂತ ಕಡಿಮೆಯನ್ನೋ ಕೊಡುವುದು ಅನ್ಯಾಯವಲ್ಲ, ಮೇಲಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಆದರೆ ಸಾವಿರ ಡಾಲರಿನ ಪುಸ್ತಕವನ್ನು ಹತ್ತಕ್ಕೆ ಕೇಳಿ ತೆಗೆದುಕೊಂಡರೆ? ಈ ಚರ್ಚೆ ಬಂದಾಗಲೆಲ್ಲ ಎಡ್ಗರ್ ಚರ್ಚ್ ಸಂಗ್ರಹದ ಮಾತು ಬರುತ್ತದೆ. ಕೊಲೊರಾಡೊದ ಡೆನ್ವರ್‌ನ ಚರ್ಚ್ ಜಾಹೀರಾತುಗಳಿಗೆ ಚಿತ್ರ ಬರೆಯುವವರು. ಮಾದರಿಗಾಗಿ ದಶಕಗಳ ಕಾಲ ಕಾಮಿಕ್ಸ್ ಕೊಂಡು ಒತ್ತೊತ್ತಾಗಿ ಪೇರಿಸಿಟ್ಟಿದ್ದರು. ಆ ಪ್ರದೇಶದ ಒಣ ಹವೆ ಕಾಗದವನ್ನು ಕಾಪಾಡಿತು. 1977ರಲ್ಲಿ ಮನೆಯವರು ಎಲ್ಲವನ್ನೂ ತೆರವುಗೊಳಿಸಲು ಹೊರಟಾಗ ಚಕ್ ರೊಜಾನ್ಸ್ಕಿ ಎಂಬ ಯುವ ವ್ಯಾಪಾರಿ 18 ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಕೊಂಡರು. ಇಂದಿನ ಬೆಲೆಯ ಮುಂದೆ ಅವರು ಕೊಟ್ಟದ್ದು ಏನೂ ಅಲ್ಲ. ಅವರು ಕೊಳ್ಳದಿದ್ದರೆ ಅದು ಕಸಕ್ಕೆ ಹೋಗುತ್ತಿತ್ತು ಎನ್ನುವವರಿದ್ದಾರೆ, ಮನೆಯವರಿಗೆ ಬೆಲೆ ತಿಳಿಸಬೇಕಿತ್ತು ಎನ್ನುವವರೂ ಇದ್ದಾರೆ. ನನಗನಿಸುವುದು ಎರಡನೆಯದು, ಆದರೆ ಮೊದಲನೆಯ ಮಾತನ್ನು ತಳ್ಳಿಹಾಕುವುದೂ ಸುಲಭವಲ್ಲ. ಅದೇ ರೊಜಾನ್ಸ್ಕಿ 44 ವರ್ಷ ಸ್ಯಾನ್ ಡಿಯಾಗೊದಲ್ಲಿ ಅಂಗಡಿ ಹಾಕಿ, 2017ರಲ್ಲಿ ಇನ್ನು ಸಾಕು ಎಂದು ಬಿಟ್ಟರು. ಮಳಿಗೆಯ ಬಾಡಿಗೆ ಏರಿತ್ತು, ಜನ ಸಿನಿಮಾದ ಕಡೆ ತಿರುಗಿದ್ದರು. ಈಗ ಹಳೆಯ ಪುಸ್ತಕ ಹುಡುಕುವವರಿಗೆ ಸಣ್ಣ ಊರುಗಳ ಒಂದು ದಿನದ ಸಮಾವೇಶಗಳೇ ಮೇಲು.

ನಮ್ಮ ಕಡೆ ಕಾಮಿಕ್ ಕಾನ್ ಬೆಂಗಳೂರಿಗೆ ಬಂದದ್ದು 2012ರಲ್ಲಿ. ಅಲ್ಲಿ ಹೊಸ ಪುಸ್ತಕ, ಟೀ-ಶರ್ಟ್, ಗೊಂಬೆಗಳದ್ದೇ ಭರಾಟೆ. ಆದರೆ 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್‌ನ ಹಳೆಯ ಸಂಚಿಕೆಗಳನ್ನು, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಸಂಪಾದಿಸಿದ ಅಮರ ಚಿತ್ರ ಕಥೆಯ ಮೊದಮೊದಲ ಸಂಚಿಕೆಗಳನ್ನು ಹುಡುಕುವವರು ಇಲ್ಲಿಯೂ ಇದ್ದಾರೆ. ಅವನ್ನೂ ನಾವು ಗುಜರಿಗೆ ಹಾಕಿದವರೇ. ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದೇನಾದರೂ ಸಿಕ್ಕರೆ ಹರಿದಲ್ಲಿ ಸೆಲ್ಲೋ ಟೇಪ್ ಹಚ್ಚಬೇಡಿ, ಅದರ ಅಂಟು ಕಾಗದಕ್ಕೆ ಇಳಿದು ಕಲೆ ಮಾಡುತ್ತದೆ. ಮುಖಪುಟದಲ್ಲಿ ಯಾರದೋ ಹೆಸರಿದ್ದರೆ ರಬ್ಬರಿನಿಂದ ಉಜ್ಜಬೇಡಿ, ಲ್ಯಾಮಿನೇಟ್ ಅಂತೂ ಮಾಡಿಸಲೇಬೇಡಿ. ಬಿಸಿಲು, ತೇವ ತಾಗದ ಕಡೆ ನೇರವಾಗಿ ನಿಲ್ಲಿಸಿಡಿ. ಮಳೆಗಾಲದಲ್ಲಿ ಆಗಾಗ ತೆಗೆದು, ಗೆದ್ದಲು ಹಿಡಿದಿದೆಯೇ ನೋಡಿ.