ಮಹಾಯಂತ್ರವನ್ನು ಮಲಗಿಸಿದ ಬೆಸುಗೆ

ಜಿನೀವಾ ನಗರದ ಬಳಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ನೆಲದಿಂದ ಸುಮಾರು ೧೦೦ ಮೀಟರ್ ಆಳದಲ್ಲಿ ೨೭ ಕಿಲೋಮೀಟರ್ ಸುತ್ತಳತೆಯ ಸುರಂಗವೊಂದಿದೆ. ಅದರೊಳಗೆ ಸರ್ನ್ ಎಂಬ ಐರೋಪ್ಯ ಸಂಸ್ಥೆ ನಿರ್ಮಿಸಿದ ಯಂತ್ರಕ್ಕೆ ಲಾರ್ಜ್ ಹೇಡ್ರಾನ್ ಕೊಲೈಡರ್ ಎಂದು ಹೆಸರು. ಪ್ರೋಟಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ, ಎದುರುಬದುರಾಗಿ ಡಿಕ್ಕಿ ಹೊಡೆಸುವುದು ಅದರ ಕಾರ್ಯ. ೨೦೦೮ನೆಯ ಸೆಪ್ಟೆಂಬರ್ ೧೦ರಂದು ಪ್ರೋಟಾನುಗಳ ಕಿರಣವು ಮೊದಲ ಬಾರಿಗೆ ಈ ವರ್ತುಲವನ್ನು ಸುತ್ತಿ ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಕೊಂಡಾಡಿದುವು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಯಂತ್ರ ಮಲಗಿತು. ಅದು ಮತ್ತೆ ಏಳಲು ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಓಡುವ ಪ್ರೋಟಾನುಗಳನ್ನು ವರ್ತುಲದಲ್ಲಿ ಬಾಗಿಸಿ ಹಿಡಿಯಲು ಬಲವಾದ ಕಾಂತಕ್ಷೇತ್ರ ಬೇಕು. ಇದಕ್ಕಾಗಿ ೧,೨೩೨ ದ್ವಿಧ್ರುವ ಕಾಂತಗಳನ್ನು ಸಾಲಾಗಿ ಇರಿಸಿದ್ದಾರೆ. ಒಂದೊಂದೂ ೧೫ ಮೀಟರ್ ಉದ್ದ, ಸುಮಾರು ೩೫ ಟನ್ ತೂಕ. (ಇವುಗಳನ್ನು ಹೊತ್ತು ನಿಂತಿರುವ ಸುಮಾರು ೭,೦೦೦ ಜಾಕುಗಳನ್ನು ಒದಗಿಸಿದುದು ಭಾರತವೆಂಬುದನ್ನು ನಾವು ಇಲ್ಲಿ ನೆನೆಯಬಹುದು.) ಕಾಂತಗಳ ಸುರುಳಿಗಳಲ್ಲಿ ಹತ್ತು ಸಾವಿರ ಆಂಪಿಯರಿಗೂ ಮೀರಿದ ಪ್ರವಾಹ ಹರಿಯಬೇಕು. ಅದೇ ಗಾತ್ರದ ತಾಮ್ರದ ತಂತಿಯಾದರೆ ಕರಗಿಹೋದೀತು. ಆದುದರಿಂದ ನಿಯೋಬಿಯಂ-ಟೈಟೇನಿಯಂ ಮಿಶ್ರಲೋಹದ ತಂತಿಯನ್ನು ದ್ರವ ಹೀಲಿಯಮಿನಲ್ಲಿ ಮುಳುಗಿಸಿ, ಸೊನ್ನೆಗಿಂತ ೨೭೧ ಸೆಂಟಿಗ್ರೇಡ್ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡುತ್ತಾರೆ. ಆ ಚಳಿಯಲ್ಲಿ ತಂತಿಯ ರೋಧ ಮಾಯವಾಗಿ, ಅದು ಅತಿವಾಹಕವೆನಿಸುತ್ತದೆ.

ಆದರೆ ಒಂದು ಕಾಂತದ ತಂತಿಯನ್ನು ಮುಂದಿನದಕ್ಕೆ ಸೇರಿಸುವೆಡೆಯಲ್ಲಿ ತವರ-ಬೆಳ್ಳಿಯ ಬೆಸುಗೆ ಬರುತ್ತದೆ. ಬೆಸುಗೆ ಅತಿವಾಹಕವಲ್ಲ. ಅಲ್ಲಿನ ರೋಧ ಒಂದು ಓಮಿನ ನೂರು ಕೋಟಿಯಲ್ಲೊಂದು ಭಾಗವನ್ನೂ ಮುಟ್ಟಬಾರದೆಂದು ಶಿಲ್ಪಿಗಳು ಕಟ್ಟು ಮಾಡಿದ್ದರು. ಇಂಥ ಬೆಸುಗೆಗಳು ಹತ್ತು ಸಾವಿರಕ್ಕೂ ಮೇಲ್ಪಟ್ಟು ಇದ್ದುವು.

ವರ್ತುಲವನ್ನು ಎಂಟು ಖಂಡಗಳಾಗಿ ವಿಭಾಗಿಸಿದ್ದಾರೆ. ಏಳು ಖಂಡಗಳು ಹೆಚ್ಚಿನ ಪ್ರವಾಹದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದುವು. ಸೆಪ್ಟೆಂಬರ್ ೧೯ರಂದು ಕೊನೆಯ ಖಂಡದ ಸರದಿ. ಪ್ರವಾಹವನ್ನು ೯,೩೦೦ ಆಂಪಿಯರಿನವರೆಗೆ ಏರಿಸಬೇಕಾಗಿತ್ತು. ೮,೭೦೦ ಆಂಪಿಯರ್ ತಲುಪಿದಾಗ ಒಂದು ಬೆಸುಗೆ ಬಿಟ್ಟುಕೊಟ್ಟಿತು. ಪ್ರವಾಹಕ್ಕೆ ದಾರಿ ತಪ್ಪಿ ವಿದ್ಯುಚ್ಚಾಪ ಹೊತ್ತಿಕೊಂಡು, ಹೀಲಿಯಂ ತುಂಬಿದ ಕವಚವನ್ನು ತೂತುಮಾಡಿತು. ದ್ರವ ಹೀಲಿಯಂ ಬೆಚ್ಚಗಾಗಿ ಅನಿಲವಾದರೆ ಅದರ ಗಾತ್ರ ಏಳುನೂರು ಪಟ್ಟಿಗೂ ಹೆಚ್ಚಾಗುತ್ತದೆ. ಕಾಂತಗಳನ್ನು ಸುತ್ತುವರಿದ ನಿರ್ವಾತ ಕೋಶಕ್ಕೆ ಈ ಅನಿಲ ನುಗ್ಗಿತು. ಒತ್ತಡವನ್ನು ಹೊರಬಿಡಲು ಕವಾಟಗಳೇನೋ ಇದ್ದುವು. ಆದರೆ ಅವು ಸೆಕೆಂಡಿಗೆ ೨ ಕಿಲೋಗ್ರಾಂ ಹೀಲಿಯಮಿಗೆಂದು ರಚಿತವಾದುವು. ಬಂದುದು ಸುಮಾರು ಅದರ ಹತ್ತರಷ್ಟು. ಭಾರಿ ಕಾಂತಗಳು ಕಾಂಕ್ರೀಟು ನೆಲದ ಹಿಡಿತವನ್ನು ಕಿತ್ತುಕೊಂಡು ಪಕ್ಕಕ್ಕೆ ಸರಿದುವು. ಕೆಲವು ಸುಮಾರು ಅರ್ಧ ಮೀಟರಿನಷ್ಟು. ಒಟ್ಟು ೬ ಟನ್ ಹೀಲಿಯಂ ಹಾಳಾಯಿತು. ಕಿರಣದ ನಳಿಗೆಯೊಳಗೆ ಬಹುದೂರ ಮಸಿ ಹರಡಿತು. ಪುಣ್ಯವಶಾತ್ ಆಗ ಸುರಂಗದಲ್ಲಿ ಯಾರೂ ಇರಲಿಲ್ಲ.

ಆ ಬೆಸುಗೆಯ ರೋಧ ಎಷ್ಟಿದ್ದಿತು? ಓಮಿನ ನೂರು ಕೋಟಿಯಲ್ಲಿ ೨೨೦ ಭಾಗವೆಂದು ಆಮೇಲೆ ಅಂದಾಜು ಮಾಡಿದರು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖದ ದರ ಬರುತ್ತದೆಂದು ವಿದ್ಯಾರ್ಥಿಗಳು ಬಲ್ಲರು. ನಾವೇ ಲೆಕ್ಕ ಹಾಕಿ ನೋಡಿದರೆ ಉತ್ತರ ಸುಮಾರು ೧೭ ವಾಟ್. ಓದುವ ಮೇಜಿನ ಸಣ್ಣ ದೀಪಕ್ಕೂ ಇದು ಸಾಲದು! ಆದರೆ ಅತಿಶೈತ್ಯದಲ್ಲಿರುವ ತಂತಿಗೆ ೧೭ ವಾಟ್ ಪ್ರಳಯಾಗ್ನಿ. ತಂತಿ ಬೆಚ್ಚಗಾಗಿ ಅತಿವಾಹಕತೆಯನ್ನು ಕಳೆದುಕೊಂಡರೆ ರೋಧ ಹುಟ್ಟುತ್ತದೆ, ರೋಧದಿಂದ ಇನ್ನಷ್ಟು ಶಾಖ, ಶಾಖದಿಂದ ಮತ್ತಷ್ಟು ರೋಧ. ಇಂಥ ವೇಳೆಯಲ್ಲಿ ಪ್ರವಾಹಕ್ಕೆ ಬದಲಿ ದಾರಿಯಾಗಲೆಂದೇ ತಂತಿಯ ಸುತ್ತ ದಪ್ಪ ತಾಮ್ರವಿರುತ್ತದೆ. ಆ ಎಡೆಯಲ್ಲಿ ತಾಮ್ರವೂ ಸರಿಯಾಗಿ ಕೂಡಿರಲಿಲ್ಲ. ಆ ಖಂಡದ ಕಾಂತಗಳಲ್ಲಿ ಆಗ ಶೇಖರವಾಗಿದ್ದ ಶಕ್ತಿ ಸುಮಾರು ೬೦ ಕೋಟಿ ಜೂಲ್. ೨೫ ಡಿಗ್ರಿಯ ೧,೯೦೦ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಕ್ತಿ ಸಾಕು.

ಕಾವಲು ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ಇತ್ತು; ಆದರೆ ಕಾಂತಗಳ ನಡುವಣ ಈ ಜೋಡಣೆಗಳಲ್ಲಿ ಒಂದು ವೋಲ್ಟ್ ಕಾಣಿಸಿಕೊಂಡಾಗ ಮಾತ್ರ ಅದು ಎಚ್ಚರುತ್ತಿತ್ತು. ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ. ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡುವ ಸಂಗತಿ ಇನ್ನೊಂದಿದೆ. ಅಪಘಾತಕ್ಕೆ ನಾಲ್ಕು ದಿನ ಮುಂಚೆ, ೭,೦೦೦ ಆಂಪಿಯರ್ ಹರಿದಾಗ, ಅದೇ ಸ್ಥಳದಲ್ಲಿ ಹೀಲಿಯಮಿನ ಉಷ್ಣತೆ ಒಂದು ಡಿಗ್ರಿಯ ಕೆಲವೇ ನೂರನೆಯ ಭಾಗಗಳಷ್ಟು ಏರಿದ್ದುದು ದಾಖಲೆಯಲ್ಲಿ ಮೂಡಿತ್ತು. ಅದರ ಅರ್ಥ ಹೊಳೆದುದು ಅನಾಹುತದ ಬಳಿಕ. ಇದೇ ಸುಳಿವನ್ನು ಹಿಡಿದು ಉಳಿದ ಖಂಡಗಳನ್ನು ಶೋಧಿಸಿದಾಗ, ಬೇರೊಂದು ಕಾಂತದ ಒಳಗೇ ಕೆಟ್ಟ ಬೆಸುಗೆಯೊಂದು ಸಿಕ್ಕಿತು.

೫೩ ಕಾಂತಗಳನ್ನು ಮೇಲಕ್ಕೆ ತರಬೇಕಾಯಿತು. ನಳಿಗೆಗಳನ್ನು ಶುಚಿಗೊಳಿಸಿ, ಕವಾಟಗಳನ್ನು ಹೆಚ್ಚಿಸಿ, ಒಂದು ವೋಲ್ಟಿನ ಮೂರು ಸಾವಿರದಲ್ಲೊಂದು ಭಾಗದಷ್ಟನ್ನು ಗುರುತಿಸುವ ಹೊಸ ಕಾವಲನ್ನು ಹಾಕಿದರು. ೨೦೦೯ನೆಯ ನವೆಂಬರ್ ೨೦ರಂದು ಕಿರಣ ಮತ್ತೆ ಸುತ್ತಿತು. ಆದರೂ ಶಿಲ್ಪಿಗಳು ಬೆಸುಗೆಗಳನ್ನು ಪೂರ್ತಿ ನಂಬಲಿಲ್ಲ; ಪ್ರತಿ ಕಿರಣಕ್ಕೆ ೭ ಲಕ್ಷ ಕೋಟಿ ಎಲೆಕ್ಟ್ರಾನ್‌ವೋಲ್ಟ್ ಎಂದು ಯೋಜಿಸಿದ್ದ ಯಂತ್ರವನ್ನು ೨೦೧೦ರಲ್ಲಿ ಅದರ ಅರ್ಧಕ್ಕೆ ಓಡಿಸಿದರು. ೨೦೧೨ರಲ್ಲಿ ಹಿಗ್ಸ್ ಕಣದ ಶೋಧವನ್ನು ಸಾರಿದುದು ಹೀಗೆ ಕಡಿವಾಣ ಹಾಕಿಸಿಕೊಂಡ ಯಂತ್ರವೇ. ಮರುವರ್ಷ ಅದನ್ನು ನಿಲ್ಲಿಸಿ, ಹತ್ತು ಸಾವಿರಕ್ಕೂ ಮೇಲ್ಪಟ್ಟ ಜೋಡಣೆಗಳನ್ನು ತಾಮ್ರದ ತುಂಡುಗಳಿಂದ ಬಲಪಡಿಸಿದರು.

ಇಂಥ ಸಂಕಟ ಹೊಸದಲ್ಲ. ಅಮೆರಿಕದ ಇಲಿನಾಯ್ ಪ್ರಾಂತ್ಯದಲ್ಲಿ, ಮುಂದೆ ಫರ್ಮಿಲ್ಯಾಬ್ ಎನಿಸಿದ ಪ್ರಯೋಗಶಾಲೆಯಲ್ಲಿ, ೧೯೭೧ರ ಬೇಸಗೆಯ ತೇವಕ್ಕೆ ಅವಾಹಕ ಕೆಟ್ಟು, ೧,೦೧೪ ಕಾಂತಗಳಲ್ಲಿ ಸುಮಾರು ೩೫೦ ಹಾಳಾದುವು. ನಳಿಗೆಯಲ್ಲಿ ಸಿಕ್ಕಿಕೊಂಡ ಲೋಹದ ಚೂರುಗಳನ್ನು ತೆಗೆಯಲು ಫೆಲಿಷಿಯಾ ಎಂಬ ಹೆಸರಿನ ಫೆರೆಟ್ ಒಂದನ್ನು ತಂದರು. ಇದು ಮುಂಗುಸಿಯಂತೆ ಉದ್ದ ಮೈಯ ಸಣ್ಣ ಪ್ರಾಣಿ. ಕೊರಳಪಟ್ಟಿಗೆ ಕಟ್ಟಿದ ದಾರವನ್ನು ಅದು ನಳಿಗೆಯ ಆಚೆ ತುದಿಗೆ ಒಯ್ದರೆ, ಆ ದಾರದಿಂದ ಒರಸುವ ಬಟ್ಟೆಯನ್ನು ಎಳೆಯುತ್ತಿದ್ದರು. ಮುಖ್ಯ ವರ್ತುಲದ ನಳಿಗೆಯನ್ನು ಹೊಗಲು ಮಾತ್ರ ಫೆಲಿಷಿಯಾ ಒಪ್ಪಲಿಲ್ಲ!

ಜಿನೀವಾದಲ್ಲಿಯೂ ೨೦೦೭ರಲ್ಲಿ ಒಂದು ಖಂಡವನ್ನು ತಣಿಸಿ ಮತ್ತೆ ಬೆಚ್ಚಗೆ ಮಾಡಿದಾಗ, ನಳಿಗೆಯ ಕೂಡುಗಳಲ್ಲಿ ತಾಮ್ರದ ತೆಳು ಬೆರಳುಗಳು ಮಡಿಸಿಕೊಂಡು ಕಿರಣದ ದಾರಿಗೆ ಅಡ್ಡ ಬಂದಿದ್ದುವು. ಆಗ ಪಿಂಗ್‌ಪಾಂಗ್ ಚೆಂಡಿಗಿಂತ ತುಸು ಚಿಕ್ಕದಾದ ಗೋಲದೊಳಗೆ ಪುಟ್ಟ ರೇಡಿಯೋ ಪ್ರೇಷಕವನ್ನಿಟ್ಟು, ಗಾಳಿಯ ಬಲದಿಂದ ನಳಿಗೆಯಲ್ಲಿ ಓಡಿಸಿದರು. ಗೋಲ ಎಲ್ಲಿ ನಿಂತಿತೋ ಅಲ್ಲಿ ದೋಷ.

ಬೆಸುಗೆಗಳೆಲ್ಲ ಭದ್ರವಾದ ಬಳಿಕ, ೨೦೧೬ನೆಯ ಏಪ್ರಿಲ್ ೨೯ರಂದು ಯಂತ್ರ ಮತ್ತೆ ತಟಕ್ಕನೆ ನಿಂತಿತು. ನೆಲದ ಮೇಲಿನ ೬೬,೦೦೦ ವೋಲ್ಟಿನ ಪರಿವರ್ತಕದ ಬಳಿ ಹೋಗಿ ನೋಡಿದರೆ, ಮಾರ್ಟೆನ್ ಎಂಬ, ಫೆಲಿಷಿಯಾಳ ದೂರದ ಬಂಧುವೊಂದು ಅಲ್ಲಿ ಸುಟ್ಟು ಬಿದ್ದಿದ್ದಿತು.