ಬಾಲ ಬಿಡದ ಐದನೇ ಘಾತ

ಮೂವತ್ತು ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು ನಾನು. ಹಾಜರಿ, ಹಣ್ಣಿನ ತೂಕ, ವಾರದ ಬಟವಾಡೆ, ಎಲ್ಲ ಬಾಯಲ್ಲೇ ಕೂಡಿ ಅಭ್ಯಾಸ. ಬೆಳಗೋಡಿನಲ್ಲಿ ಆಷಾಢದ ಮಳೆ ಹಿಡಿದರೆ ಕರೆಂಟಿಗೆ ಭರವಸೆಯಿಲ್ಲ. ಅಂಥದೊಂದು ಸಂಜೆ ತಂಗಿಯ ಮಗನಿಗೆ ಹೇಳಿದೆ: "ಎರಡಂಕಿಯ ಒಂದು ಸಂಖ್ಯೆ ನೆನೆಸ್ಕೊ. ಅದನ್ನೇ ಐದು ಸಲ ಇಟ್ಟು ಗುಣಿಸಿ ಉತ್ತರ ಮಾತ್ರ ಹೇಳು."

ಮೊಬೈಲ್ ಒತ್ತಿ, "6,93,43,957" ಅಂದ.

"ಮೂವತ್ತೇಳು."

"ಮಾವ, ಇಣುಕಿ ನೋಡಿದ್ರಿ!"

ಇಣುಕೋಕೆ ಕನ್ನಡಕವೇ ಇರಲಿಲ್ಲ. ಯಾವ ಸಂಖ್ಯೆಯ ಐದನೇ ಘಾತ ತೆಗೆದರೂ ಬಿಡಿ ಸ್ಥಾನದಲ್ಲಿ ಮೂಲದ ಅಂಕಿಯೇ ಬಂದು ಕೂರುತ್ತದೆ. ಏಳನ್ನು ಏಳರಿಂದ ಗುಣಿಸುತ್ತಾ ಹೋಗಿ, ಬಾಲ ಮಾತ್ರ ನೋಡಿ: 7, 9, 3, 1, ಮತ್ತೆ 7. ಎರಡಕ್ಕೆ 2, 4, 8, 6, ಮತ್ತೆ 2. ಗಾಣದೆತ್ತಿನ ಹಾಗೆ ಹೊರಟಲ್ಲಿಗೇ. ಐದು, ಆರು ಅಂತೂ ಕದಲೋದೇ ಇಲ್ಲ.

ಕಾರಣ ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಕಂಡದ್ದು. ಐದನೇ ಘಾತದಿಂದ ಮೂಲ ಸಂಖ್ಯೆ ಕಳೆದರೆ ಉಳಿದದ್ದು ಐದರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಎರಡೂ ಸಮ, ಇಲ್ಲವೇ ಎರಡೂ ಬೆಸವಾದ್ದರಿಂದ ಎರಡರಿಂದಲೂ ಆಗುತ್ತದೆ. ಅಂದಮೇಲೆ ವ್ಯತ್ಯಾಸದ ಕೊನೆಗೆ ಸೊನ್ನೆ, ಬಾಲ ಒಂದೇ.

ಹತ್ತರ ಸ್ಥಾನಕ್ಕೆ ಬಾಯಿಪಾಠ ಬೇಕು. ಮೂವತ್ತರ ಐದನೇ ಘಾತ 2 ಕೋಟಿ 43 ಲಕ್ಷ, ನಲವತ್ತರದು 10 ಕೋಟಿ 24 ಲಕ್ಷ. ಹುಡುಗನ ಆರು ಕೋಟಿ ಚಿಲ್ಲರೆ ನಡುವೆ ಬಿತ್ತು, ಹಾಗಾಗಿ ಮೂರು.

"ಶಕುಂತಲಾ ದೇವಿಯವರೂ ಇಷ್ಟೇನಾ ಮಾಡಿದ್ದು?" ಅಂದ. ಕೊಬ್ಬು ನೋಡಿ! ಬೆಂಗಳೂರಿನಲ್ಲಿ ಹುಟ್ಟಿದ ಆಯಮ್ಮ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಯ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು: 546372891. ಬಾಲ ನಾಲ್ಕು ಹೆಜ್ಜೆಗೊಮ್ಮೆ ಸುತ್ತಿ ಬರುತ್ತದಲ್ಲ, ಇಪ್ಪತ್ತಮೂರನ್ನು ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುತ್ತದೆ, ಹಾಗಾಗಿ ಬಾಲ ಘನದ ಹಾಗೆ. ಕೊಟ್ಟ ಸಂಖ್ಯೆಯ ಕೊನೆಗೆ 1 ಇದ್ದರೆ ಮೂಲದ ಕೊನೆಗೂ 1. ಅದನ್ನು ನಾನು ಎಲೆ ಅಡಿಕೆ ಜಗಿಯುತ್ತಲೇ ಹೇಳಬಲ್ಲೆ. ಉಳಿದ ಎಂಟು ಅಂಕಿ ಆಯಮ್ಮನವು.

ಹುಡುಗ ಮತ್ತೆ ಒತ್ತಿದ. "17,62,34,16,832."

ನೂರರ ಐದನೇ ಘಾತವೇ ಸಾವಿರ ಕೋಟಿ. ಇದು ಅದನ್ನೂ ದಾಟಿದೆ. "ಎರಡಂಕಿ ಅಂದಿದ್ದೆ ಕಣೋ, ಕಳ್ಳ! ಬಾಲ ಎರಡು, ತಗೋ." ಮುಂದಿನ ಹನ್ನೊಂದು ಸಿಗೋ ಹೊತ್ತಿಗೆ ಕರೆಂಟೇ ಬಂತು.